ಫ್ಲೆಕ್ಸ್ ಮ್ಯಾಟ್ ಮೇಲೆ ಸೈನಿಕರು ನಿಲ್ಲುತ್ತಿಲ್ಲ, ಜಾರುತ್ತಿದ್ದಾರೆ. ಏನಾದರೂ ದಾರಿ ಇದೆಯಾ?

ಕತ್ತಿಗುರಾಣಿ (ರಾಜಾಜಿನಗರ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ವಾರ್‌ಹ್ಯಾಮರ್ 40,000 ಆಡುತ್ತಿದ್ದೇನೆ, ಬಣ್ಣ ಹಚ್ಚಿದ ಪುಟಾಣಿ ಸೈನಿಕರನ್ನು ಟೇಬಲ್ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟ. ಇಷ್ಟು ದಿನ ಟೇಬಲ್ ಮೇಲೆ ಹಳೇ ಹಸಿರು ಬೆಡ್‌ಶೀಟ್ ಹಾಸಿ ಕೆಲಸ ಸಾಗಿಸುತ್ತಿದ್ದೆವು. ಹೋದ ತಿಂಗಳು ಆಸೆಪಟ್ಟು ಮನೆ ಹತ್ತಿರದ ಫ್ಲೆಕ್ಸ್ ಅಂಗಡಿಯಲ್ಲಿ 60 ಇಂಚು ಉದ್ದ, 44 ಇಂಚು ಅಗಲದ ಮ್ಯಾಟ್ ಪ್ರಿಂಟ್ ಹಾಕಿಸಿದೆ. ಮಂಗಳ ಗ್ರಹದ ಹಾಗೆ ಕೆಂಪು ಮಣ್ಣು, ಬಿರುಕು ಬಿಟ್ಟ ನೆಲ. ನೋಡೋಕೆ ಭರ್ಜರಿ, ಆಡೋಕೆ ದರಿದ್ರ.

ಮೊನ್ನೆ ಭಾನುವಾರ ಅದರ ಮೇಲೆ ಮೊದಲ ಆಟ. ನಮ್ಮ ಊಟದ ಟೇಬಲ್‌ಗೆ ಗಾಜಿನ ಹಲಗೆ ಇದೆ. ಗೆಳೆಯ ಅಳತೆ ಟೇಪ್ ಹಿಡಿದು ಆಚೆ ತುದಿಗೆ ಬಾಗಿದ. ಅವನ ಹೊಟ್ಟೆ ಮ್ಯಾಟಿನ ಅಂಚಿಗೆ ತಾಗಿತು, ಅಷ್ಟೇ. ಮ್ಯಾಟು ನಾಲ್ಕು ಬೆರಳು ಆ ಕಡೆ ಹೋಯಿತು. ಅದು ನಿಂತ ಮೇಲೂ ಸೈನಿಕರು ನಿಲ್ಲಲಿಲ್ಲ. ಹತ್ತು ಜನ ಸಾಲಾಗಿ ಜಾರುತ್ತಾ ಹೋದರು. ಕ್ಯಾಪ್ಟನ್ ಸೀದಾ ಮೊಸಾಯಿಕ್ ನೆಲಕ್ಕೆ. ಈಟಿ ಮುರಿಯಿತು. ಮೂರು ವಾರ ರಾತ್ರಿ ಕೂತು ಬಣ್ಣ ಹಚ್ಚಿದ್ದೆ ಗುರೂ, ಹೊಟ್ಟೆ ಉರಿಯುತ್ತೆ.

ಮಿನಿಗಳೆಲ್ಲ (ಈ ಸೈನಿಕರ ಬೊಂಬೆಗೆ ನಾವು ಹೇಳೋದು ಹಾಗೆ) ಪ್ಲಾಸ್ಟಿಕ್. ಕಾಲಡಿಯ ದುಂಡು ಬಿಲ್ಲೆ, ಅಂದರೆ ಬೇಸ್, 32 ಮಿಲಿಮೀಟರ್, ಕೆಳಗಡೆ ಟೊಳ್ಳು. ಮ್ಯಾಟ್ ಬಿಸಾಕಿ ಹೊಸದು ತಗೊಳ್ಳಿ ಅಂತ ಮಾತ್ರ ಹೇಳಬೇಡಿ, ಮನೆಯಲ್ಲಿ ಆಗಲೇ ಲೆಕ್ಕ ಕೇಳಿದ್ದಾರೆ.

ನಟ್ಟುಬೋಲ್ಟು

ಮೊದಲು ಒಂದು ಪ್ರಶ್ನೆ. ಪ್ರಿಂಟ್ ಹೊಳೆಯುತ್ತಾ?

ಕತ್ತಿಗುರಾಣಿ

ಹೊಳೆಯುತ್ತೆ. ಅದೊಂದು ಕಥೆ. ಅಂಗಡಿಯಲ್ಲಿ "ಮ್ಯಾಟ್ ಬೇಕು" ಅಂದೆ. "ಮ್ಯಾಟಾ, ಗ್ಲಾಸಿನಾ?" ಅಂತ ಕೇಳಿದರು. ನಾನು ಹಾಸೋ ಮ್ಯಾಟ್ ಬಗ್ಗೆ ಹೇಳುತ್ತಿದ್ದೆ, ಅವರು ಹೊಳಪಿನ ಬಗ್ಗೆ ಕೇಳುತ್ತಿದ್ದರು. "ಗ್ಲಾಸ್ ಮೇಲೆ ಹಾಕೋದು" ಅಂದುಬಿಟ್ಟೆ.

ನಟ್ಟುಬೋಲ್ಟು

ಹ್ಹಹ್ಹ. ಸರಿ, ಆಗಿದ್ದು ಆಯ್ತು.

ನಿಮ್ಮದು ಒಂದಲ್ಲ, ಎರಡು ಜಾರಿಕೆ. ಟೇಬಲ್ ಮೇಲೆ ಮ್ಯಾಟ್ ಜಾರೋದು ಒಂದು. ಮ್ಯಾಟ್ ಮೇಲೆ ಮಿನಿ ಜಾರೋದು ಇನ್ನೊಂದು. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಸಿಗಲ್ಲ.

ಮೊದಲನೆಯದು ಸುಲಭ. ಅಡುಗೆಮನೆ ಡ್ರಾಯರ್ ಒಳಗೆ ಹಾಸೋಕೆ ಜಾಲರಿ ಹಾಗಿರುವ ಮೆತ್ತನೆ ಶೀಟ್ ಬರುತ್ತಲ್ಲ, ರೋಲ್‌ನಲ್ಲಿ ಮಾರುತ್ತಾರೆ, ಪಾತ್ರೆ ಅಂಗಡಿಯಲ್ಲೂ ಸಿಗುತ್ತೆ. ಅದನ್ನು ಮ್ಯಾಟ್ ಕೆಳಗೆ ಹಾಸಿ. ಇಡೀ ಟೇಬಲ್‌ಗೆ ಬೇಡ. ನಾಲ್ಕು ಮೂಲೆಗೆ ಒಂದೊಂದು, ನಡುವೆ ಒಂದು ಪಟ್ಟಿ ಸಾಕು. ಮನೆಯಲ್ಲಿ ಯೋಗ ಮ್ಯಾಟ್ ಇದ್ದರೆ ಅದೂ ಆಗುತ್ತೆ. ಆದರೆ ಅದು ದಪ್ಪ, ಅಂಚಿನಲ್ಲಿ ಮೆಟ್ಟಿಲಾಗುತ್ತೆ.

ಗಾಜಾದ್ದರಿಂದ ನಿಮಗೆ ತೊಂದರೆ ಇಲ್ಲ. ಪಾಲಿಶ್ ಹಾಕಿದ ಮರದ ಟೇಬಲ್ ಇರುವವರು ಆಟ ಮುಗಿದ ಮೇಲೆ ಈ ಜಾಲರಿಯನ್ನು ತೆಗೆದಿಡಿ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಪಾಲಿಶ್‌ಗೆ ಅಂಟಿಕೊಂಡು ಗುರುತು ಬೀಳುತ್ತೆ. ನಮ್ಮ ಅತ್ತೆ ಮನೆ ಟೇಬಲ್ ಮೇಲೆ ಇವತ್ತಿಗೂ ಜೇನುಗೂಡಿನ ಚಿತ್ತಾರ ಇದೆ. ಯಾರು ಮಾಡಿದ್ದು ಅಂತ ಕೇಳಬೇಡಿ.

ಬಣ್ಣದಬುಡ್ಡಿ (ಮೈಸೂರು)

ಎರಡನೇ ಜಾರಿಕೆಗೆ ಏನೂ ಖರೀದಿ ಮಾಡೋದಕ್ಕೆ ಮುಂಚೆ ಮ್ಯಾಟ್ ತೊಳೆಯಿರಿ. ನಿಜವಾಗಿ ಹೇಳುತ್ತಿದ್ದೇನೆ. ಫ್ಲೆಕ್ಸ್ ಅಂದರೆ ಪಿವಿಸಿ ಪ್ಲಾಸ್ಟಿಕ್, ಹೊಸದರ ಮೇಲೆ ಎಣ್ಣೆಯಂಥ ತೆಳು ಪದರ ಇರುತ್ತೆ. ಅದರ ಮೇಲೆ ನಮ್ಮ ಊರಿನ ಧೂಳು, ಆಟದ ನಡುವೆ ತಿಂದ ಬಜ್ಜಿಯ ಕೈ. ಧೂಳು ಅಂದರೆ ಸಣ್ಣ ಸಣ್ಣ ಉರುಳೆ ಇದ್ದ ಹಾಗೆ.

ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ. ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಎರಡು ಸಲ. ಸೋಪು ಉಳಿದರೆ ಇನ್ನೂ ಜಾಸ್ತಿ ಜಾರುತ್ತೆ. ನೆರಳಲ್ಲಿ ಒಣಗಿಸಿ.

ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಇವುಗಳ ಹತ್ತಿರ ಹೋಗಬೇಡಿ. ಪ್ರಿಂಟ್ ಜೊತೆಗೇ ಎದ್ದು ಬರುತ್ತೆ. ಮಿನಿಗಳ ಬೇಸ್ ಕೆಳಗಿನ ಅಂಚನ್ನೂ ಒರೆಸಿ, ಅಲ್ಲೂ ಕೈ ಜಿಡ್ಡು ಇರುತ್ತೆ.

ಕತ್ತಿಗುರಾಣಿ

ಮೇಡಂ, ತೊಳೆದೆ. ತೊಳೆದ ನೀರು ಬೆಳ್ಳಗೆ ಬಂತು! ಧೂಳಾದರೆ ಕಂದು ಇರಬೇಕು ಅಲ್ವಾ? ಮನೆಯಲ್ಲಿ ವಿಚಾರಣೆ ನಡೆಸಿದೆ. ಚಿಕ್ಕಪ್ಪನ ಮಗ ಬೇಸಿಗೆ ರಜೆಗೆ ಬಂದಿದ್ದಾನೆ. ಕೇರಂ ಬೋರ್ಡನ್ನು ಇದೇ ಮ್ಯಾಟ್ ಮೇಲಿಟ್ಟು ಎರಡು ದಿನ ಆಡಿದ್ದಾನೆ. ಪೌಡರ್ ಡಬ್ಬಿ ಅರ್ಧ ಖಾಲಿ.

ಬಣ್ಣದಬುಡ್ಡಿ

ಅಯ್ಯೋ ದೇವರೇ.

ಪಗಡೆಪ್ರಿಯ

ಇದನ್ನು ಓದಿ ನನಗೆ ಒಂದು ವಿಷಯ ಹೊಳೆಯಿತು. ಕೇರಂ ಕಾಯಿಯ ಅಳತೆ ಗೊತ್ತಾ? ಪಂದ್ಯದ ನಿಯಮದ ಪ್ರಕಾರ ಅಡ್ಡಳತೆ ಹೆಚ್ಚೆಂದರೆ 3.18 ಸೆಂಟಿಮೀಟರ್. ತೂಕ 5ರಿಂದ 5.5 ಗ್ರಾಂ. ಈಗ ನಿಮ್ಮ 32 ಮಿಲಿಮೀಟರ್ ಬೇಸಿನ ಸೈನಿಕನನ್ನು ತಕ್ಕಡಿಗೆ ಹಾಕಿ ನೋಡಿ. ನನ್ನದು ಅಡುಗೆಮನೆ ತಕ್ಕಡಿಯಲ್ಲಿ 6 ಗ್ರಾಂ ತೋರಿಸಿತು.

ಅಂದರೆ ನಾವೆಲ್ಲ ಕೇರಂ ಕಾಯಿಗೆ ಕತ್ತಿ ಕೊಟ್ಟು ನಿಲ್ಲಿಸಿದ್ದೇವೆ. ಕೆಳಗೆ ನುಣುಪಾದ ಹಾಸು ಹಾಸಿದ್ದೇವೆ. ಆಮೇಲೆ ಜಾರುತ್ತೆ ಅಂತ ಅಳುತ್ತಿದ್ದೇವೆ. ನಿಮ್ಮ ತಮ್ಮ ಬೋರಿಕ್ ಪೌಡರ್ ಹಾಕಿ ಅದನ್ನು ಪೂರ್ತಿ ಮಾಡಿದ ಅಷ್ಟೇ.

ಪಗಡೆ ಹಾಸು ಯಾಕೆ ಬಟ್ಟೆಯದ್ದು ಅಂತ ಈಗ ಅರ್ಥವಾಗುತ್ತೆ. ನಮ್ಮಜ್ಜಿ ಮನೆಯದ್ದು ದಪ್ಪ ಹತ್ತಿ ಬಟ್ಟೆ, ನಾಲ್ಕು ತೋಳಿಗೆ ಕಸೂತಿ. ಚನ್ನಪಟ್ಟಣದ ಅರಗಿನ ಕಾಯಿ ಎಷ್ಟು ನುಣುಪು ಅಂತ ಗೊತ್ತಲ್ಲ. ಆದರೂ ಆ ಬಟ್ಟೆ ಮೇಲೆ ಅಲ್ಲಾಡಲ್ಲ. ಅದೇ ಕಾಯಿಯನ್ನು ಫ್ಲೆಕ್ಸ್ ಮೇಲಿಟ್ಟೆ, ಊದಿದರೆ ಹೋಗುತ್ತೆ.

ನಾಟಿಂಗ್‌ಹ್ಯಾಂ ಕನ್ನಡಿಗ

ಇಂಗ್ಲೆಂಡಿನಿಂದ ನನ್ನದೂ ಎರಡು ಮಾತು. ಈ ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್‌ನ ಕೇಂದ್ರ ಕಚೇರಿ ಇರೋದು ಈ ಊರಲ್ಲೇ. ಹಾಗಾಗಿ ಗಲ್ಲಿಗೊಬ್ಬ ಹಳೇ ಆಟಗಾರ ಸಿಗುತ್ತಾನೆ. ನಮ್ಮ ಕ್ಲಬ್‌ನಲ್ಲಿ ಒಬ್ಬ ಮುದುಕರಿದ್ದಾರೆ, ಆಟ ಹೊರಬಂದ 1987ರಿಂದ ಆಡುತ್ತಿದ್ದಾರೆ. ಜಾರುವ ತಕರಾರೇ ಅವರಿಗೆ ಅರ್ಥ ಆಗಲ್ಲ. ಅವರ ಮಿನಿಗಳೆಲ್ಲ ಲೋಹದವು. ತವರ ಮಿಶ್ರಿತ ಲೋಹಕ್ಕೂ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೂ ಸಾಂದ್ರತೆಯಲ್ಲಿ ಸುಮಾರು ಏಳು ಪಟ್ಟು ವ್ಯತ್ಯಾಸ. ಇಟ್ಟ ಜಾಗದಲ್ಲಿ ಕಲ್ಲಿನ ಹಾಗೆ ಕೂರುತ್ತವೆ.

ಮ್ಯಾಟ್ ವಿಷಯಕ್ಕೆ ಬಂದರೆ, ಇಲ್ಲಿ ಬಹುತೇಕ ನಿಯೋಪ್ರೀನ್. ದೊಡ್ಡ ಮೌಸ್ ಪ್ಯಾಡ್ ಅಂದುಕೊಳ್ಳಿ. ಮೇಲೆ ಬಟ್ಟೆ, ಕೆಳಗೆ ರಬ್ಬರ್ ಫೋಮ್. ಒಂದೇ ಏಟಿಗೆ ಎರಡೂ ಜಾರಿಕೆ ನಿಲ್ಲುತ್ತೆ, ದಾಳ ಬಿದ್ದರೂ ಸದ್ದಿಲ್ಲ. ಬೇಡ ಅಂದಿದ್ದೀರಿ, ಹಾಗಾಗಿ ಹೇಳಿ ಸುಮ್ಮನಾಗುತ್ತೇನೆ.

ಇನ್ನೊಂದು ತಮಾಷೆ. 2009ರಲ್ಲಿ ಕಂಪನಿಯೇ ಎರಡಡಿ ಚೌಕದ ಆರು ಪ್ಲಾಸ್ಟಿಕ್ ಹಲಗೆಗಳ ರಣರಂಗ ತಂದಿತ್ತು. ಜೋಡಿಸಿದರೆ ಆರಡಿಗೆ ನಾಲ್ಕಡಿ, ಗುಡ್ಡ ಸಮೇತ. ಆ ಗುಡ್ಡದ ಇಳಿಜಾರಿನಲ್ಲಿ ಮಿನಿ ನಿಲ್ಲಿಸೋದು ಅಂದರೆ ದೇವರಿಗೆ ಹರಕೆ ಹೊತ್ತ ಹಾಗೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1911ರಲ್ಲಿ, ಇಂಗ್ಲಿಷ್ ಲೇಖಕ ಎಚ್.ಜಿ. ವೆಲ್ಸ್ ಮಕ್ಕಳ ನೆಲದಾಟದ ಬಗ್ಗೆ ಬರೆಯುವಾಗ ಮೊದಲು ಹೇಳಿದ್ದೇ ನೆಲದ ಮಾತು. ಲಿನೋಲಿಯಂ ಇಲ್ಲವೇ ಕಾರ್ಕ್ ಹಾಸು ಇರಬೇಕು, ಆಗ ಆಟಿಕೆ ಸೈನಿಕರು ನಿಲ್ಲುತ್ತಾರೆ ಅಂತ. ನಮ್ಮ ಸಮಸ್ಯೆ ಹೊಸದೇನಲ್ಲ.

ಡೈಸ್ ದಾಸಪ್ಪ

ಇಷ್ಟೆಲ್ಲ ಯಾಕೆ? ಮಿನಿಗಳಿಗೆ ಹೊಡೆಯುವ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಸ್ಪ್ರೇ ಇದೆಯಲ್ಲ, ಅದನ್ನೇ ಹಾಸಿನ ಮೇಲೂ ಹೊಡೆದುಬಿಡಿ. ಹೊಳಪೂ ಹೋಗುತ್ತೆ, ಜಾರಿಕೆಯೂ ಹೋಗುತ್ತೆ.

ಬಣ್ಣದಬುಡ್ಡಿ

ದಾಸಪ್ಪನವರೇ, ದಯವಿಟ್ಟು ಬೇಡ. ನಾನು ಮಾಡಿ ಕೈ ಸುಟ್ಟುಕೊಂಡಿದ್ದೇನೆ.

ಮೊದಲ ದಿನ ಚೆನ್ನಾಗೇ ಇತ್ತು. ಸುತ್ತಿ ಅಟ್ಟದ ಮೇಲಿಟ್ಟೆ. ಎರಡು ವಾರ ಬಿಟ್ಟು ಬಿಚ್ಚಿದರೆ ಹಪ್ಪಳ ಮುರಿದ ಹಾಗೆ ಪಟಪಟ ಸದ್ದು. ವಾರ್ನಿಶ್ ಬಿರಿದು ಬೆಳ್ಳನೆ ಗೆರೆ. ಬಿರಿಯದ ಕಡೆ ಅಂಟು ಅಂಟು. ಮೆತ್ತನೆ ಪಿವಿಸಿಯನ್ನು ಬಾಗೋ ಹಾಗೆ ಮಾಡಲು ಒಂದು ಎಣ್ಣೆಯಂಥ ಪದಾರ್ಥ ಬೆರೆಸಿರುತ್ತಾರೆ, ಪ್ಲಾಸ್ಟಿಸೈಜರ್ ಅಂತ. ಅದು ನಿಧಾನಕ್ಕೆ ಹೊರಗೆ ಬರುತ್ತಲೇ ಇರುತ್ತೆ. ಮೇಲಿನ ಬಣ್ಣದ ಪದರಕ್ಕೆ ಸೇರಿ ಅದನ್ನು ಮೆತ್ತಗೆ ಮಾಡುತ್ತೆ. ಕೊನೆಗೆ ನನ್ನ ಮಿನಿಗಳು ಜಾರೋದು ನಿಂತು, ಕಿತ್ತರೂ ಬರದ ಹಾಗಾದವು.

ಹೊಸದಾಗಿ ಪ್ರಿಂಟ್ ಹಾಕಿಸುವವರು ಅಂಗಡಿಯಲ್ಲಿ ನೆಲಕ್ಕೆ ಅಂಟಿಸುವ ಸ್ಟಿಕ್ಕರ್‌ಗಳ ಮೇಲೆ ಹಾಕುವ ಲ್ಯಾಮಿನೇಷನ್ ಇದೆಯಾ ಅಂತ ಕೇಳಿ. ಮಾಲ್‌ನಲ್ಲಿ ನೆಲದ ಮೇಲೆ ಜಾಹೀರಾತು ಇರುತ್ತಲ್ಲ, ಜನ ಕಾಲಿಟ್ಟರೆ ಜಾರಬಾರದು ಅಂತ ಅದರ ಮೇಲಿನ ಹಾಳೆ ಕಿತ್ತಳೆ ಸಿಪ್ಪೆಯ ಹಾಗೆ ಒರಟಾಗಿರುತ್ತೆ. ಅದು ಸರಿಯಾದ ದಾರಿ.

ಹುಬ್ಬಳ್ಳಿ ಹಡಗು

ನಂದೂ ಸೋತ ಪ್ರಯೋಗಗಳ ಪಟ್ಟಿ ಕೇಳ್ರಿ.

ಬೇಸ್ ಕೆಳಗೆ ಫೆಲ್ಟ್ ಬಟ್ಟೆ ಅಂಟಿಸಿದೆ. ಬಟ್ಟೆ ಅಲ್ವಾ, ಹಿಡಿಯುತ್ತೆ ಅಂದುಕೊಂಡೆ. ಇನ್ನೂ ಜೋರಾಗಿ ಜಾರಿದವು. ಆಮೇಲೆ ತಲೆಗೆ ಬಂತು, ಕುರ್ಚಿ ಕಾಲಿಗೆ ಫೆಲ್ಟ್ ಹಚ್ಚೋದೇ ಸಲೀಸಾಗಿ ಸರಿಯಲಿ ಅಂತ ಅಲ್ರಿ!

ಸ್ಯಾಂಡ್ ಪೇಪರ್ ದುಂಡಗೆ ಕತ್ತರಿಸಿ ಅಂಟಿಸಿದೆ. ನಿಂತವು. ಆದರೆ ನಾಲ್ಕೇ ಆಟಕ್ಕೆ ಮ್ಯಾಟ್ ಮೇಲಿನ ನದಿ ಅಳಿಸಿ ಹೋಯಿತು.

ಚಪ್ಪಲಿ ಅಂಟಿಸೋ ರಬ್ಬರ್ ಸಲ್ಯೂಷನ್ ಹಚ್ಚಿದೆ. ಅದರ ಒಳಗಿನ ದ್ರಾವಕಕ್ಕೆ ಪಾಲಿಸ್ಟೈರೀನ್ ಅಂದರೆ ಸಕ್ಕರೆ ಇದ್ದ ಹಾಗೆ, ಕರಗಿಸಿಬಿಟ್ಟಿತು. ಒಬ್ಬ ಬಿಲ್ಲುಗಾರನ ಬೇಸ್ ಈಗ ದೋಸೆ ಆಕಾರದಲ್ಲಿ ಇದೆ.

ಡೈಸ್ ದಾಸಪ್ಪ

ಪೋಸ್ಟರ್ ಅಂಟಿಸೋ ನೀಲಿ ಗಮ್ ಉಂಡೆ?

ಹುಬ್ಬಳ್ಳಿ ಹಡಗು

ಒಂದು ಫೋಟೋ ತೆಗೆಯೋಕೆ ಅಡ್ಡಿಯಿಲ್ಲ. ಆಟದಾಗ ಮೂವತ್ತು ಸೈನಿಕರನ್ನು ಸರದಿಗೆ ಒಂದು ಸಲ ಕಿತ್ತು ಕಿತ್ತು ಇಡೋದು ಅಂದರೆ ಸೊಪ್ಪು ಬಿಡಿಸಿದ ಹಾಗೆ ಆಗುತ್ತೆ.

ನಟ್ಟುಬೋಲ್ಟು

ಭಾರ ಹಾಕಿ ಗುರು, ಭಾರ. ಲೋಹದ ಮಿನಿ ಯಾಕೆ ನಿಲ್ಲುತ್ತೆ ಅಂತ ನಾಟಿಂಗ್‌ಹ್ಯಾಂ ಅಣ್ಣ ಆಗಲೇ ಹೇಳಿದರು. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಎಂ10 ವಾಷರ್ ಕೆ.ಜಿ. ಲೆಕ್ಕದಲ್ಲಿ ಸಿಗುತ್ತೆ. ಹೊರಗಿನ ಅಡ್ಡಳತೆ 20 ಮಿಲಿಮೀಟರ್, ದಪ್ಪ 2 ಮಿಲಿಮೀಟರ್. ಒಂದರ ತೂಕ ಮೂರೂವರೆ ಗ್ರಾಂ ಬರುತ್ತೆ. ಬೇಸಿನ ಟೊಳ್ಳಿನೊಳಗೆ ಒಂದು ಚುಕ್ಕಿ ಸೂಪರ್ ಗ್ಲೂ ಹಾಕಿ ಕೂರಿಸಿ. ಅಂಚಿಗಿಂತ ಕೆಳಗೆ ಇಣುಕಬಾರದು, ನೋಡಿಕೊಳ್ಳಿ.

2011ರಲ್ಲಿ ಬಂದ ಸರಣಿಯ ಒಂದು ರೂಪಾಯಿ ನಾಣ್ಯವೂ ಹತ್ತಿರ ಹತ್ತಿರ ಅಷ್ಟೇ ತೂಕ, 3.79 ಗ್ರಾಂ. ಆದರೆ ದುಡ್ಡಿಗೆ ಅಂಟು ಬಳಿಯೋದು ನನಗೆ ಸರಿ ಬರಲ್ಲ. ಲಕ್ಷ್ಮಿ ಅಲ್ವಾ.

ಪಿಯು ಮೇಷ್ಟ್ರು

ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರ ಹಾಕಿದರೆ ಜಾರಲ್ಲ ಅನ್ನೋದು ಅರ್ಧ ಸತ್ಯ.

ಒಂದು ರೊಟ್ಟು ಹಲಗೆ ಮೇಲೆ ನಿಮ್ಮ ಮ್ಯಾಟಿನ ತುಂಡು ಹಾಸಿ. ಮೇಲೆ ಮಿನಿ ಇಟ್ಟು ಹಲಗೆಯ ಒಂದು ಬದಿಯನ್ನು ನಿಧಾನಕ್ಕೆ ಎತ್ತಿ. ಯಾವ ಕೋನಕ್ಕೆ ಜಾರಿತು ಅಂತ ಮೊಬೈಲ್‌ನ ಲೆವೆಲ್ ಆ್ಯಪ್‌ನಲ್ಲಿ ನೋಡಿ. ಈಗ ವಾಷರ್ ಹಾಕಿ ಮತ್ತೆ ಮಾಡಿ. ಬೇಸಿನ ಅಂಚು ಅದೇ ಪ್ಲಾಸ್ಟಿಕ್ ಆಗಿದ್ದರೆ ಕೋನ ಬಹುತೇಕ ಅಷ್ಟೇ ಇರುತ್ತೆ. ತೂಕ ಹೆಚ್ಚಾದರೆ ಹಿಡಿತ ಹೆಚ್ಚುತ್ತೆ, ಎಳೆತವೂ ಅಷ್ಟೇ ಹೆಚ್ಚುತ್ತೆ. ಫ್ರೆಂಚ್ ವಿಜ್ಞಾನಿ ಅಮೊಂಟಾನ್ಸ್ 1699ರಲ್ಲೇ ಇದನ್ನು ಹೇಳಿ ಹೋಗಿದ್ದಾರೆ.

ಹಾಗಾದರೆ ಭಾರ ದಂಡವಾ? ಅಲ್ಲ. ಫ್ಯಾನ್ ಗಾಳಿ, ಕೈ ತಾಗೋದು, ಇವಕ್ಕೆ ಭಾರದ ಮಿನಿ ಜಗ್ಗಲ್ಲ. ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ನೀವು ಅಳೆದು ಬನ್ನಿ.

ಕತ್ತಿಗುರಾಣಿ

ಮೇಷ್ಟ್ರೇ, ಹೋಮ್‌ವರ್ಕ್ ಮುಗಿಸಿದೆ. ಅಮ್ಮನ ಚಪಾತಿ ಮಣೆ ತುಂಬಾ ಚಿಕ್ಕದಾಯಿತು, ತಮ್ಮನ ಪರೀಕ್ಷೆ ಪ್ಯಾಡ್ ತಗೊಂಡೆ. ಪ್ರತಿ ಸಲ ಐದು ಬಾರಿ ಎತ್ತಿ ನೋಡಿದೆ.

ತಮ್ಮನ ಪೌಡರ್ ಉಳಿದಿದ್ದ ಮೂಲೆಯ ತುಂಡಿನಲ್ಲಿ 14 ಡಿಗ್ರಿ ಆಸುಪಾಸಿಗೇ ಹೊರಟುಬಿಟ್ಟ. ತೊಳೆದ ತುಂಡಿನಲ್ಲಿ 19. ವಾಷರ್ ಹಾಕಿದ ಮೇಲೂ 19, ಒಮ್ಮೆ 20. ನೀವು ಹೇಳಿದ್ದು ನಿಜ.

ಆಮೇಲೆ ನನ್ನದೇ ಬುದ್ಧಿ ಓಡಿಸಿ ಒಬ್ಬನ ಬೇಸಿನ ಅಂಚಿಗೆ ಸುತ್ತಲೂ ಸಿಂಕ್‌ಗೆ ಹಾಕುವ ಸಿಲಿಕೋನ್ ಬಳಿದೆ. ರಾತ್ರಿ ಇಡೀ ಒಣಗಿಸಿ ಇಟ್ಟು ಎತ್ತಿದೆ. 25, 30, 35, ಜಾರೋ ಲಕ್ಷಣವೇ ಇಲ್ಲ. ಖುಷಿಯಿಂದ ತಮ್ಮನನ್ನು ಕೂಗಿದೆ. 38ಕ್ಕೆ ಬಂದಾಗ ಜಾರಲಿಲ್ಲ, ತಲೆ ಕೆಳಗಾಗಿ ಬಿದ್ದ! ಕತ್ತಿ ಬಗ್ಗಿತು. ಇದೇನಿದು?

ಪಿಯು ಮೇಷ್ಟ್ರು

ನಾನು ಕಾಯುತ್ತಿದ್ದದ್ದು ಇದಕ್ಕೇ.

ಮಿನಿಗೆ ಎರಡು ದಾರಿ ಇದೆ. ಜಾರಬಹುದು, ಇಲ್ಲ ಮಗುಚಬಹುದು. ಯಾವುದು ಮೊದಲು ಅನ್ನೋದಷ್ಟೇ ಪ್ರಶ್ನೆ. ಮಗುಚುವ ಕೋನ ಬೇಸಿನ ಅರ್ಧ ಅಗಲವನ್ನೂ ಭಾರದ ನಡುಬಿಂದು ಎಷ್ಟು ಎತ್ತರದಲ್ಲಿದೆ ಅನ್ನೋದನ್ನೂ ಅವಲಂಬಿಸಿದೆ. ನಿಮ್ಮ ಬೇಸಿನ ಅರ್ಧ 16 ಮಿಲಿಮೀಟರ್. ಪ್ಲಾಸ್ಟಿಕ್ ಸೈನಿಕನ ನಡುಬಿಂದು ಸೊಂಟದ ಹತ್ತಿರ, 20 ಮಿಲಿಮೀಟರ್ ಅಂದುಕೊಳ್ಳಿ. 16 ಭಾಗಿಸು 20, 0.8. ಆ ಟ್ಯಾಂಜೆಂಟ್‌ಗೆ ಕೋನ ಸುಮಾರು 38 ಡಿಗ್ರಿ, ಚಿಲ್ಲರೆ. ನಿಮ್ಮ ಮನೆಯಲ್ಲಿ ಬಿದ್ದದ್ದು ಎಷ್ಟಕ್ಕೆ?

ಈಗ ವಾಷರ್ ವಿಷಯ. ಅದು ಕೂರೋದು ತೀರಾ ಕೆಳಗೆ. ಅದರಿಂದ ನಡುಬಿಂದು 20ರಿಂದ 13ಕ್ಕೋ 12ಕ್ಕೋ ಇಳಿಯುತ್ತೆ. ಆಗ ಮಗುಚುವ ಕೋನ 50 ದಾಟುತ್ತೆ. ನಟ್ಟುಬೋಲ್ಟು ಅವರ ವಾಷರ್ ಜಾರಿಕೆಗೆ ಮದ್ದಲ್ಲ, ಬೀಳೋದಕ್ಕೆ ಮದ್ದು.

ಹಾಗಾಗಿ ಪೂರ್ತಿ ಹಿಡಿತ ಬೇಡ. ಮೊಣಕೈ ತಾಗಿದರೆ ಮಿನಿ ಅರ್ಧ ಇಂಚು ಸರಿದು ನಿಲ್ಲಬೇಕು. ಅಲ್ಲೇ ಕಚ್ಚಿಕೊಂಡರೆ ಮಗುಚುತ್ತೆ, ಬಣ್ಣ ಹೋಗುತ್ತೆ, ಈಟಿ ಮುರಿಯುತ್ತೆ. ಸರಿದವನನ್ನು ವಾಪಸ್ ಇಡಬಹುದು.

ನಟ್ಟುಬೋಲ್ಟು

ಒಪ್ಪಿದೆ ಮೇಷ್ಟ್ರೇ. ಹತ್ತು ವರ್ಷದಿಂದ ವಾಷರ್ ಹಾಕುತ್ತಿದ್ದೇನೆ, ಕಾರಣ ಇವತ್ತು ಗೊತ್ತಾಯಿತು.

ಹುಬ್ಬಳ್ಳಿ ಹಡಗು

ಹಂಗಾದರ ಮೂರೇ ಚುಕ್ಕಿ ಸಿಲಿಕೋನ್ ಇಟ್ಟರೆ? ಹಿಡಿತ ಕಡಿಮೆ ಆಗುತ್ತಲ್ಲ.

ಪಿಯು ಮೇಷ್ಟ್ರು

ಒಳ್ಳೆ ಪ್ರಶ್ನೆ. ಚುಕ್ಕಿ ಎತ್ತರವಾಗಿದ್ದರೆ ಮುಕ್ಕಾಲಿ ಆಗುತ್ತೆ. ಮುಕ್ಕಾಲಿಯನ್ನು ಎರಡು ಕಾಲಿನ ನಡುವಿನ ಕಡೆಗೆ ತಳ್ಳಿದರೆ ಬೇಗ ಬೀಳುತ್ತೆ ಅಲ್ವಾ? ಅಲ್ಲಿ ಆಸರೆಯ ಅಗಲ ಅರ್ಧಕ್ಕೆ ಇಳಿದಿರುತ್ತೆ. ಚುಕ್ಕಿ ಕಾಗದದಷ್ಟು ತೆಳುವಾಗಿದ್ದರೆ ತೊಂದರೆ ಇಲ್ಲ, ಸ್ವಲ್ಪ ವಾಲಿದ ಕೂಡಲೇ ಅಂಚೇ ನೆಲ ಮುಟ್ಟುತ್ತೆ. ರಬ್ಬರ್ ಜಾತಿಯ ವಸ್ತುಗಳು ಅಮೊಂಟಾನ್ಸ್ ಲೆಕ್ಕಕ್ಕೆ ಪೂರ್ತಿ ಸಿಗೋದಿಲ್ಲ, ಮುಟ್ಟುವ ಜಾಗ ಕಡಿಮೆಯಾದರೆ ಹಿಡಿತವೂ ಕಡಿಮೆಯಾಗುತ್ತೆ. ಇಲ್ಲಿ ಅದು ನಮಗೆ ಅನುಕೂಲವೇ.

ಬಣ್ಣದಬುಡ್ಡಿ

ತೆಳು ಮಾಡುವ ವಿಧಾನ ನಾನು ಹೇಳುತ್ತೇನೆ. ಕೇಕ್ ಮಾಡುವಾಗ ಹಾಕುವ ಬಟರ್ ಪೇಪರನ್ನು ಗಾಜಿನ ಮೇಲೆ ಟೇಪ್ ಹಾಕಿ ಬಿಗಿಯಾಗಿ ಹಾಸಿ. ಬೇಸಿನ ಅಂಚನ್ನು ಮೊದಲು 400 ನಂಬರ್ ಸ್ಯಾಂಡ್ ಪೇಪರ್ ಮೇಲೆ ನಾಲ್ಕು ಸುತ್ತು ಉಜ್ಜಿ. ನುಣುಪು ಪ್ಲಾಸ್ಟಿಕ್ಕಿಗೆ ಸಿಲಿಕೋನ್ ಕಚ್ಚಲ್ಲ, ಎರಡೇ ಆಟಕ್ಕೆ ಸಿಪ್ಪೆ ಎದ್ದು ಬರುತ್ತೆ. ಹಲ್ಲುಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಹನಿ ತಗೊಂಡು ಅಂಚಿನ ಮೇಲೆ ಮೂರು ಕಡೆ ಇಡಿ. ಬೇಸನ್ನು ಪೇಪರ್ ಮೇಲೆ ನೆಟ್ಟಗೆ ಇಳಿಸಿ, ಬೆರಳಿನಿಂದ ಸಮವಾಗಿ ಒತ್ತಿ. ತಿರುಗಿಸಬೇಡಿ. ಒಂದು ದಿನ ಮುಟ್ಟಬೇಡಿ. ಆಮೇಲೆ ಪೇಪರ್ ಸುಲಿದು, ಪಕ್ಕಕ್ಕೆ ಉಬ್ಬಿದ್ದನ್ನು ಬ್ಲೇಡ್‌ನಲ್ಲಿ ಕತ್ತರಿಸಿ.

ಅಂಗಡಿಯಲ್ಲಿ ವಿನೆಗರ್ ವಾಸನೆ ಬಾರದ, ನ್ಯೂಟ್ರಲ್ ಅಂತ ಬರೆದಿರೋದು ಕೇಳಿ. ಇನ್ನೊಂದು ಬಗೆ ಒಣಗುವಾಗ ಇಡೀ ಕೋಣೆ ಉಪ್ಪಿನಕಾಯಿ ಜಾಡಿ ಆಗುತ್ತೆ.

ಸುಳ್ಯದ ರಬ್ಬರ್

ಎಂತ ಮಾರಾಯ್ರೆ, ನೀವು ದುಡ್ಡು ಕೊಟ್ಟು ಸಿಲಿಕೋನ್ ತರುತ್ತೀರಿ. ನಮ್ಮಲ್ಲಿ ಮರವೇ ಕೊಡುತ್ತದೆ.

ನಮ್ಮದು ಸಣ್ಣ ರಬ್ಬರ್ ತೋಟ. ಬೆಳಗ್ಗೆ ಟ್ಯಾಪಿಂಗ್ ಮಾಡುವಾಗ ಗೆರಟೆಗೆ ಇಳಿದ ಹಾಲನ್ನು ಒಂದು ಚಮಚ ತೆಗೆದಿಟ್ಟುಕೊಳ್ಳುತ್ತೇನೆ. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ರಬ್ಬರ್, ಉಳಿದದ್ದು ಹೆಚ್ಚಾಗಿ ನೀರು. ಹಾಗಾಗಿ ಹುಬ್ಬಳ್ಳಿಯವರ ಸಲ್ಯೂಷನ್ ಹಾಗೆ ಪ್ಲಾಸ್ಟಿಕ್ ಕರಗಿಸುವುದಿಲ್ಲ. ಹಳೆ ಬ್ರಶ್‌ನಲ್ಲಿ ಬೇಸಿನ ಅಂಚಿಗೆ ಒಂದೇ ಕೈ. ಹಚ್ಚುವಾಗ ಹಾಲಿನ ಬಿಳಿ, ಅರ್ಧ ಗಂಟೆಯಲ್ಲಿ ಒಣಗಿ ಜೇನಿನ ಬಣ್ಣದ ಪಾರದರ್ಶಕ ಪೊರೆ. ಬ್ರಶ್ ಮಾತ್ರ ಕೂಡಲೇ ತೊಳೆಯಬೇಕು, ಇಲ್ಲದಿದ್ದರೆ ಅದು ಬ್ರಶ್ ಅಲ್ಲ, ಕೋಲು.

ಎರಡು ಕೈ ಹಚ್ಚಬೇಡಿ. ಮೇಷ್ಟ್ರು ಹೇಳಿದ ಹಾಗೆ ಮಗುಚುತ್ತದೆ. ನಾನೂ ಬಿದ್ದು ಕಲಿತದ್ದೇ. ವರ್ಷ ಕಳೆದ ಮೇಲೆ ಬಿಸಿಲಿಗೆ ಅಂಟಾಗುತ್ತದೆ, ಬೆರಳಲ್ಲಿ ಉಜ್ಜಿದರೆ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಮತ್ತೆ ಹೊಸದು ಹಚ್ಚಿದರಾಯಿತು. ಸಿಲಿಕೋನ್ ಹಾಗೆ ಬ್ಲೇಡ್ ಹಿಡಿದು ಕೆರೆಯುವ ತಾಪತ್ರಯ ಇಲ್ಲ.

ನಾಟಿಂಗ್‌ಹ್ಯಾಂ ಕನ್ನಡಿಗ

ಆಹಾ. ಗೇಮ್ಸ್ ವರ್ಕ್‌ಶಾಪ್ ಪಕ್ಕದಲ್ಲಿದ್ದು ಏನು ಬಂತು, ರಬ್ಬರ್ ಮರದ ಪಕ್ಕ ಇರಬೇಕಿತ್ತು.

ಮಲ್ನಾಡ್ ಮಳೆ (ತೀರ್ಥಹಳ್ಳಿ)

ಎಲ್ಲ ಓದಿದೆ. ಎತ್ತಿಡುವ ವಿಷಯ ಯಾರೂ ಜಾಸ್ತಿ ಹೇಳಿಲ್ಲ, ಅಲ್ಲೇ ನನಗೆ ಪೆಟ್ಟು ಬಿದ್ದಿದ್ದು.

ಮಳೆಗಾಲದಲ್ಲಿ ಒಂದು ಆಟವನ್ನು ಅರ್ಧಕ್ಕೆ ಬಿಟ್ಟು, ಮಿನಿಗಳನ್ನು ಹಾಗೇ ಪಿವಿಸಿ ಮ್ಯಾಟ್ ಮೇಲೆ ನಿಲ್ಲಿಸಿ ಎರಡು ತಿಂಗಳು ಊರಿಗೆ ಹೋದೆ. ಬಂದು ನೋಡಿದರೆ ಬೇಸುಗಳು ಮ್ಯಾಟಿಗೆ ಕಚ್ಚಿಕೊಂಡಿವೆ. ಕಿತ್ತರೆ ಅಂಚು ಮೆತ್ತಗೆ. ಬಣ್ಣದಬುಡ್ಡಿ ಮೇಡಂ ಹೇಳಿದ ಆ ಎಣ್ಣೆ ಪಾಲಿಸ್ಟೈರೀನ್‌ಗೂ ಇಳಿಯುತ್ತೆ. ಥರ್ಮೋಕೋಲ್ ಮೇಲೆ ಹಳೇ ವೈರ್ ಬಿಟ್ಟರೆ ಗುಳಿ ಬೀಳುತ್ತಲ್ಲ, ಅದೇ ಕಥೆ. ರಬ್ಬರ್ ಹಚ್ಚಿದ ಬೇಸಾದರೆ ಅದರದ್ದು ಬೇರೆ ರಗಳೆ. ಪಿವಿಸಿ ಮೇಲೆ ಬಹಳ ದಿನ ಬಿಟ್ಟರೆ ಕಂದು ಕಲೆ ಬೀಳುತ್ತೆ, ಎಷ್ಟು ಉಜ್ಜಿದರೂ ಹೋಗಲ್ಲ. ಆಟ ಮುಗಿದ ಮೇಲೆ ಎತ್ತಿಡಿ, ಅಷ್ಟೇ.

ಸುತ್ತುವಾಗ ಪ್ರಿಂಟ್ ಹೊರಗೆ ಬರೋ ಹಾಗೆ ಸುತ್ತಿ. ಬಿಚ್ಚಿ ಹಾಸಿದಾಗ ಅಂಚು ಕೆಳಗೆ ಬಾಗುತ್ತೆ, ಟೇಬಲ್ ಹಿಡಿದು ಕೂರುತ್ತೆ. ಒಳಮುಖ ಸುತ್ತಿದರೆ ಅಂಚು ಮೇಲೆದ್ದು ಜಾರುಬಂಡಿ ಆಗುತ್ತೆ.

ಡೈಸ್ ದಾಸಪ್ಪ

ಕೊನೆಗೂ ನನ್ನದೊಂದು ಐಡಿಯಾ ಕೆಲಸ ಮಾಡಿತು. 2018ರಲ್ಲಿ ಬಿಬಿಎಂಪಿ ಫ್ಲೆಕ್ಸ್ ನಿಷೇಧ ಮಾಡಿದಾಗ ನಮ್ಮ ಬೀದಿಯಲ್ಲಿ ಕಿತ್ತು ಬಿಸಾಕಿದ ಬ್ಯಾನರ್ ಒಂದನ್ನು ಸ್ಕೂಟರ್ ಮುಚ್ಚೋಕೆ ಅಂತ ತಂದಿಟ್ಟಿದ್ದೆ. ಇವತ್ತು ತಿರುಗಿಸಿ ನೋಡಿದೆ. ಹಿಂಬದಿ ಹೊಳಪಿಲ್ಲ, ಒಳಗಿನ ದಾರದ ನೇಯ್ಗೆ ಕೈಗೆ ಸಿಗುತ್ತೆ. ಮುಂಬದಿಗಿಂತ ಎಷ್ಟೋ ವಾಸಿ ಹಿಡಿಯುತ್ತೆ. ಅದಕ್ಕೇ ಸ್ಪಂಜಿನಲ್ಲಿ ಮಣ್ಣಿನ ಬಣ್ಣ ಒತ್ತುತ್ತಾ ಕೂತಿದ್ದೇನೆ.

ಅಂಟಾದರೂ ಪರವಾಗಿಲ್ಲ ಮೇಡಂ, ಬೈಬೇಡಿ. ಪುಕ್ಕಟೆ ಬಂದಿದ್ದು. ಕೆಳಗಡೆ ನಾಯಕರೊಬ್ಬರ ಹುಟ್ಟುಹಬ್ಬದ ಶುಭಾಶಯ, ಮೇಲುಗಡೆ ಮಹಾಯುದ್ಧ.

ಬಣ್ಣದಬುಡ್ಡಿ

ತುಂಬಾ ತೆಳ್ಳಗೆ ಒತ್ತಿ, ಸುತ್ತಬೇಡಿ, ಗೋಡೆಗೆ ನೇತು ಹಾಕಿ. ನಾಯಕರ ಮುಖ ಯಾವ ಕಡೆ ಬರಬೇಕು ಅಂತ ನೀವೇ ತೀರ್ಮಾನ ಮಾಡಿ.

ಕತ್ತಿಗುರಾಣಿ

ವರದಿ ಒಪ್ಪಿಸಲು ಬಂದೆ. ಮ್ಯಾಟ್ ಕೆಳಗೆ ಡ್ರಾಯರ್ ಜಾಲರಿ ಹಾಕಿದೆ. ಗೆಳೆಯ ಅದೇ ಹೊಟ್ಟೆ ಇಟ್ಟುಕೊಂಡು ಬಾಗಿದ, ಮ್ಯಾಟ್ ಅಲ್ಲಾಡಲಿಲ್ಲ. ಇಡೀ ಪಡೆಗೆ ವಾಷರ್ ಆಯ್ತು. ಅರ್ಧ ಜನಕ್ಕೆ ಮೂರು ಚುಕ್ಕಿ ಸಿಲಿಕೋನ್. ಪರೀಕ್ಷೆ ಪ್ಯಾಡ್ ಮೇಲೆ ಈಗ 30 ಡಿಗ್ರಿ ದಾಟಿದ ಮೇಲೆ ನಿಧಾನಕ್ಕೆ ಜಾರುತ್ತಾರೆ. ಯಾರೂ ಮಗುಚುತ್ತಿಲ್ಲ. ಕ್ಯಾಪ್ಟನ್‌ಗೆ ಪೊರಕೆ ಕಡ್ಡಿಯ ಹೊಸ ಈಟಿ.

ಉಳಿದ ಅರ್ಧಕ್ಕೆ ರಬ್ಬರ್ ಹಾಲೇ ಹಚ್ಚೋಣ ಅಂತ ಆಸೆ. ಸುಳ್ಯದ ಅಣ್ಣ, ಒಂದು ಚಿಕ್ಕ ಬಾಟಲಿ ಕಳಿಸುತ್ತೀರಾ?

ಸುಳ್ಯದ ರಬ್ಬರ್

ರಾತ್ರಿ ಬಸ್ಸಿಗೆ ಕೊಟ್ಟಿದ್ದೇನೆ. ಹೆಪ್ಪುಗಟ್ಟದ ಹಾಗೆ ಸ್ವಲ್ಪ ಅಮೋನಿಯಾ ಹಾಕಿದ್ದೇನೆ, ಸಾಕಾಗುತ್ತದೋ ಇಲ್ಲವೋ ನೋಡಬೇಕು. ಮುಚ್ಚಳ ತೆಗೆಯುವಾಗ ಮುಖ ದೂರ ಇಡಿ.

ಕತ್ತಿಗುರಾಣಿ

ಬಾಟಲಿ ಬಂತು. ಅಮೋನಿಯಾ ಸಾಕಾಗಲಿಲ್ಲ ಅಣ್ಣ. ಒಳಗೆ ಹಾಲಿಲ್ಲ, ಪನೀರ್ ಇದೆ. ಬಾಟಲಿ ಕತ್ತರಿಸಿ ತೆಗೆದೆ. ಕೈಯಲ್ಲಿ ಹಿಡಿದರೆ ಚೆಂಡಿನ ಹಾಗೆ ಪುಟಿಯುತ್ತೆ.

ಬಿಸಾಕೋಕೆ ಮನಸ್ಸು ಬರಲಿಲ್ಲ. ಚಾಕುವಿನಲ್ಲಿ ನಾಲ್ಕು ಬಿಲ್ಲೆ ಮಾಡಿ ಊಟದ ಟೇಬಲ್‌ನ ನಾಲ್ಕು ಕಾಲಿಗೂ ಇಟ್ಟೆ. ಟೇಬಲ್ ಈಗ ಬಂಡೆ. ಆದರೆ ಎರಡನೇ ದಿನಕ್ಕೆ ಕೊಳೆತ ವಾಸನೆ ಶುರುವಾಗಿದೆ. ಅಮ್ಮ ಸಿಂಕ್ ಕೆಳಗೆ ಇಲಿ ಸತ್ತಿದೆ ಅಂತ ಬೆಳಗ್ಗೆಯಿಂದ ಹುಡುಕುತ್ತಿದ್ದಾರೆ. ಹೇಗೆ ಹೇಳಲಿ?

ಸುಳ್ಯದ ರಬ್ಬರ್

ತೊಳೆದು, ತೆಳ್ಳಗೆ ಒತ್ತಿ, ಹೊಗೆಗೆ ಹಾಕಬೇಕಿತ್ತು ಮಾರಾಯ್ರೆ! ನಾವು ಶೀಟ್ ಮಾಡುವುದು ಹಾಗೆಯೇ. ಈಗ ಮೊದಲು ಆ ಬಿಲ್ಲೆ ತೆಗೆಯಿರಿ. ಆಮೇಲೆ ಅಮ್ಮನಿಗೆ ಇಲಿ ಸಿಕ್ಕಿತು ಅನ್ನಿ.